ಗೋವಾ ಭಾವ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳ ನಡುವೆ ಯಾವ ಚಾ ಹೋಟೆಲಿಗೆ ನುಗ್ಗಿದರೂ ಒಬ್ಬ ಗೋವಾ ಭಾವ ಸಿಕ್ಕೇ ಸಿಗುತ್ತಾನೆ. ಗುರುತು ಹಿಡಿಯುವುದು ಸುಲಭ. ಬಸ್ಸಿನಲ್ಲಿ ಆತ ಕಂಡಕ್ಟರನ ಕೈಗೆ ದುಡ್ಡು ಕೊಡುವುದಿಲ್ಲ. ನೋಟನ್ನು ಸೀಟಿನ ಮೇಲೆ ನೀಟಾಗಿ ಹರಡಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. "ಡೀಲರಿನ ಕೈಗೆ ದುಡ್ಡು ಕೊಡ್ಲಿಕ್ಕಿಲ್ಲ ಮಾರಾಯ, ಟೇಬಲಿನಲ್ಲಿ ಇಡಬೇಕು. ಮೇಲೆ ಕ್ಯಾಮರಾ ಉಂಟು" ಎನ್ನುತ್ತಾನೆ. ಬಿ.ಸಿ.ರೋಡಿನಿಂದ ಗುರುವಾಯನಕೆರೆಗೆ ಹೋಗುವ ಆ ಬಸ್ಸಿನ ಮೇಲೆ ಇದ್ದದ್ದು ನಾಲ್ಕು ಹಲಸಿನಹಣ್ಣು ಮಾತ್ರ.

ಗೋವಾ ಭಾವ ಗೋವಾಕ್ಕೆ ಹೋದದ್ದು ಒಂದೇ ಒಂದು ಸಲ. ಕಾರಣ ಮಾತ್ರ ಊರಿಂದೂರಿಗೆ ಬೇರೆ. ಬಂಟ್ವಾಳದವನು ದೂರದ ನೆಂಟರ ಮದುವೆಗೆ ಹೋಗಿದ್ದ. ಬೆಳ್ತಂಗಡಿಯವನು ಗೇರುತೋಟ ನೋಡಲು ಹೋಗಿದ್ದ. ಸಾವಿರ ಕಂಬದ ಬಸದಿಯ ಊರಿನವನಲ್ಲವೇ, ಮೂಡುಬಿದಿರೆಯವನು ತಾಂಬ್ಡಿ ಸುರ್ಲಾದಲ್ಲಿರುವ ಕದಂಬರ ಕಾಲದ ದೇವಸ್ಥಾನ ನೋಡಲು ಹೋಗಿದ್ದ. ಮೂವರಿಗೂ ರಾತ್ರಿಯಾದದ್ದು ಪಣಜಿಯಲ್ಲಿ, ಮಾಂಡೋವಿ ಹೊಳೆಯಲ್ಲಿ ನಿಂತ ದೀಪಾಲಂಕಾರದ ಕ್ಯಾಸಿನೋ ಹಡಗಿನ ಮೇಲೆ. "ಸುಮ್ಮನೆ ನೋಡ್ಲಿಕ್ಕೆ ಹೋದದ್ದು" ಎಂಬ ಮಾತು ಮಾತ್ರ ಮೂವರದ್ದೂ ಒಂದೇ.

ಎಷ್ಟು ಹೋಯಿತು ಎಂದು ಕೇಳಬಾರದು. ಕೇಳಿದರೆ "ಸಮ-ಸಮ ಆಯ್ತು" ಎನ್ನುತ್ತಾನೆ. ಪುಂಜಾಲಕಟ್ಟೆ ಕಡೆಯ ನಮ್ಮ ಭಾವನೂ ಹಾಗೇ ಹೇಳಿದ. ಆದರೆ ಅಟ್ಟದಲ್ಲಿ ದರ ಏರಲೆಂದು ಕಾದು ಕುಳಿತಿದ್ದ ಡಬಲ್ ಚೋಲ್ ಅಡಿಕೆಯ ಎರಡು ಗೋಣಿ ಆ ವಾರವೇ ದರ ನೋಡದೆ ಪೇಟೆಗೆ ಇಳಿದವು. ಮಾಂಡೋವಿ ಎಂದರೆ ನಮ್ಮ ಖಾನಾಪುರದಲ್ಲಿ ಹುಟ್ಟುವ ಮಹದಾಯಿಯೇ. ಅದರ ನೀರಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಆ ನೀರು ಇತ್ತ ಬರುವ ಮೊದಲೇ ನಮ್ಮ ಭಾವ ತನ್ನ ಪಾಲನ್ನು ಅತ್ತ ಸಂದಾಯ ಮಾಡಿ ಬಂದಿದ್ದ.

ಇಷ್ಟಾದ ಮೇಲೆ ಮನುಷ್ಯ ಸುಮ್ಮನಿರಬೇಕು. ಗೋವಾ ಭಾವನ ಜಾತಿ ಸುಮ್ಮನಿರುವುದಿಲ್ಲ, ಮಾಸ್ತರನಾಗುತ್ತದೆ. ಆಟಿ ತಿಂಗಳ ಮಳೆ, ತೋಟಕ್ಕೆ ಇಳಿಯುವಂತಿಲ್ಲ, ಮದ್ದು ಬಿಡುವವರು ಮರ ಹತ್ತುವಂತಿಲ್ಲ. ಚಾವಡಿಯಲ್ಲಿ ನಾವು ನಾಲ್ಕು ಜನ ಶಿಷ್ಯರು. "ದುಡ್ಡಿಲ್ಲ ಭಾವ, ಬರೀ ಜ್ಞಾನಕ್ಕೆ" ಎಂದು ಭಾವ ಅಡಿಕೆಯ ಬುಟ್ಟಿ ತಂದಿಟ್ಟ. ಕ್ಯಾಸಿನೋದಲ್ಲಿ ದುಡ್ಡು ಕೊಟ್ಟರೆ ಬಣ್ಣಬಣ್ಣದ ಬಿಲ್ಲೆ ಕೊಡುತ್ತಾರೆ, ಅದಕ್ಕೆ ಚಿಪ್ಸ್ ಎಂದು ಹೆಸರು. ನಮಗೆ ಕರಿಗೋಟು ನೂರರ ಚಿಪ್ಸು, ಪಟೋರ ಐನೂರರದ್ದು, ಡಬಲ್ ಚೋಲ್ ಸಾವಿರದ್ದು. ಪಾಠ ಅಲ್ಲೇ ಎಡವಿತು. ಕರಿಗೋಟನ್ನು ಎಲ್ಲರೂ ಧಾರಾಳವಾಗಿ ಪಣಕ್ಕಿಟ್ಟರು. ಡಬಲ್ ಚೋಲ್ ಇಡುವವರು ಒಬ್ಬರೂ ಇಲ್ಲ. ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಮೆಲ್ಲನೆ ವಾಪಸು ಬುಟ್ಟಿಗೆ ಹಾಕಿದರು. ಹಡಗಿನವರು ನೋಟು ತೆಗೆದುಕೊಂಡು ಪ್ಲಾಸ್ಟಿಕ್ ಯಾಕೆ ಕೊಡುತ್ತಾರೆಂದು ನನಗೆ ಆಗ ಹೊಳೆಯಿತು. ಅಡಿಕೆಯ ಬೆಲೆ ಬೆರಳಿಗೆ ಗೊತ್ತಿರುತ್ತದೆ, ಪ್ಲಾಸ್ಟಿಕ್ಕಿನದ್ದು ಗೊತ್ತಿರುವುದಿಲ್ಲ.

ಮೊದಲ ಪಾಠ ಬ್ಲ್ಯಾಕ್‌ಜಾಕ್. ಎಲೆಗಳ ಮೊತ್ತ 21ರ ಹತ್ತಿರ ಹೋಗಬೇಕು, ದಾಟಬಾರದು. ರಾಜ, ರಾಣಿ, ಗುಲಾಮ ಎಲ್ಲರಿಗೂ ಹತ್ತೇ. ಎಕ್ಕ ಒಂದೂ ಹೌದು, ಹನ್ನೊಂದೂ ಹೌದು, ಚುನಾವಣೆ ಮುಗಿದ ಮೇಲಿನ ಪಕ್ಷೇತರನ ಹಾಗೆ. ಡೀಲರಿಗೆ ಮಾತ್ರ ಸ್ವಂತ ಬುದ್ಧಿ ಓಡಿಸಲು ಅನುಮತಿ ಇಲ್ಲ. 16 ಇದ್ದರೆ ಎಳೆಯಲೇಬೇಕು, 17 ಆದರೆ ನಿಲ್ಲಲೇಬೇಕು. "ಬುದ್ಧಿ ಇಲ್ಲದವನು ಗೆಲ್ಲುವುದು ಹೇಗೆ?" ಎಂದು ಒಬ್ಬ ಶಿಷ್ಯ ಕೇಳಿದ. "ನಮ್ಮ ಸರದಿ ಮೊದಲು. 21 ದಾಟಿದರೆ ನಮ್ಮ ದುಡ್ಡು ಆಗಲೇ ಹೋಯ್ತು. ಆಮೇಲೆ ಅವನು ದಾಟಿದರೂ ನಮ್ಮದು ವಾಪಸಿಲ್ಲ" ಎಂದ ಭಾವ, ಅದು ತನ್ನದೇ ಹೊಸ ಶೋಧ ಎಂಬಂತೆ.

ಈ ಆಟದಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಸನ್ನೆ. ಎಲೆ ಬೇಕಿದ್ದರೆ ಮೇಜಿಗೆ ಬೆರಳು ತಟ್ಟಬೇಕು, ಸಾಕಿದ್ದರೆ ಅಂಗೈಯನ್ನು ಅಡ್ಡ ಬೀಸಬೇಕು. ಭಾವನಿಗೆ ಇದು ಮೈಗೇ ಹತ್ತಿಬಿಟ್ಟಿದೆ. ಮೂಡುಬಿದಿರೆಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಹೋಳಿಗೆ ಬಂತು. ಭಾವ ಬಾಳೆಲೆಯ ಪಕ್ಕ ಎರಡು ಬೆರಳು ತಟ್ಟಿದ. ಬಡಿಸುವ ಹುಡುಗ ಎಲೆ ಅಲುಗುತ್ತಿದೆ ಎಂದುಕೊಂಡು ಅದರ ಮೇಲೆ ಲೋಟ ಇಟ್ಟು ಹೋದ. ಎರಡನೆಯ ಸುತ್ತಿನಲ್ಲಿ ಮತ್ತೆ ತಟ್ಟಿದ. ಈ ಸಲ ಹುಡುಗನಿಗೆ ಅರ್ಥವಾಯಿತು, ಮೂರು ಹೋಳಿಗೆ ಒಟ್ಟಿಗೆ ಬಿತ್ತು. ಭಾವ ಅಂಗೈ ಬೀಸಿದ. ಹುಡುಗ ಅದನ್ನು ತುಪ್ಪದವನನ್ನು ಕರೆಯುವ ಸನ್ನೆ ಎಂದು ತಿಳಿದ. ಸಕ್ಕರೆ ಕಾಯಿಲೆಯ ಭಾವ ಆ ದಿನ ಎಷ್ಟು ದಾಟಿದನೋ, ಮರುದಿನ ರಕ್ತಪರೀಕ್ಷೆಯವರೇ ಹೇಳಬೇಕಾಯಿತು.

ಎರಡನೆಯದು ಬ್ಯಾಕರಾ. ಇದರಲ್ಲಿ ನಾವು ಆಡುವುದೇ ಇಲ್ಲ. ಪ್ಲೇಯರ್, ಬ್ಯಾಂಕರ್ ಎಂದು ಎರಡು ಕಡೆಗೆ ಎಲೆ ಬೀಳುತ್ತದೆ, ಒಂಬತ್ತರ ಹತ್ತಿರ ಇರುವವರು ಗೆದ್ದರು. ನಾವು ಯಾವ ಕಡೆ ಎಂದು ಹೇಳಿದರೆ ಸಾಕು. "ಕೋಳಿ ಅಂಕದ ಹಾಗೆ" ಎಂದ ಭಾವ. "ಕಾದುವುದು ಕೋಳಿ, ದುಡ್ಡು ನಮ್ಮದು." ಬ್ಯಾಂಕರ್ ಕಡೆ ಇಟ್ಟು ಗೆದ್ದರೆ ನೂರಕ್ಕೆ ಐದು ಕಮಿಷನ್ ಹಿಡಿಯುತ್ತಾರೆ. ಕೋಳಿ ಅಂಕದಲ್ಲಾದರೆ ಸೋತ ಕೋಳಿಯ ಸುಕ್ಕವಾದರೂ ಗೆದ್ದವನಿಗೆ ದಕ್ಕುತ್ತಿತ್ತು.

ಮೂರನೆಯದಕ್ಕೆ ಪಾಠವೇ ಬೇಡ ಎಂದ. ಅಂದರ್-ಬಾಹರ್. ನಮ್ಮ ಉಲಾಯಿ-ಪಿದಾಯಿಗೆ, ಎಂದರೆ ತುಳುವಿನ ಒಳಗೆ-ಹೊರಗೆ ಆಟಕ್ಕೆ, ಎ.ಸಿ. ಹಾಕಿದರೆ ಅಂದರ್-ಬಾಹರ್ ಆಗುತ್ತದೆ. ಗುಡ್ಡೆಯಲ್ಲಿ ಗೋಣಿ ಹಾಸಿ ಆಡಿದವರು ಮರುದಿನ ಪತ್ರಿಕೆಯಲ್ಲಿ 'ನಗದು ಸಹಿತ ವಶಕ್ಕೆ' ಎಂದು ಬರುತ್ತಾರೆ. ಹಡಗಿನಲ್ಲಿ ಆಡಿದವರಿಗೆ ಊಟ ಕೊಟ್ಟು ನಮಸ್ಕಾರ ಮಾಡಿ ಕಳಿಸುತ್ತಾರೆ. ಭಾವನ ಸಾರಾಂಶ ಇದು: "ಇಲ್ಲಿ ಆಡಿದರೆ ನಾವು ಉಲಾಯಿ, ಅಲ್ಲಿ ಆಡಿದರೆ ದುಡ್ಡು ಪಿದಾಯಿ."

ಕೊನೆಗೆ ಬಂತು ರೂಲೆಟ್. ಚಕ್ರ ಇಲ್ಲದ್ದಕ್ಕೆ ಹಳೆಯ ಕ್ಯಾಲೆಂಡರ್ ಹರಿದು 0ಯಿಂದ 36ರವರೆಗೆ ಚೀಟಿ ಬರೆದು ಕಳಸಿಗೆಗೆ ಹಾಕಿದ. ನೆಲದಲ್ಲಿ ಸೀಮೆಸುಣ್ಣದ ಮನೆಗಳು. ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಸೊನ್ನೆ ಮಾತ್ರ ಹಸುರು. ನೀವು ಇಟ್ಟ ಸಂಖ್ಯೆ ಬಂದರೆ ಒಂದಕ್ಕೆ ಮೂವತ್ತೈದು. ನಮ್ಮ ಬಾಯಲ್ಲಿ ನೀರೂರಿತು.

ಮೂಲೆಯಲ್ಲಿ ಚೆನ್ನೆಮಣೆ ಮುಂದಿಟ್ಟುಕೊಂಡು ಮೊಮ್ಮಗಳ ಜೊತೆ ಆಡುತ್ತಿದ್ದ ಅತ್ತೆ, ಎಂದರೆ ಭಾವನ ಅಮ್ಮ, ಆಗ ತಲೆ ಎತ್ತಿದರು.

"ಎಲ್ಲದರ ಮೇಲೂ ಒಂದೊಂದು ಇಟ್ಟರೆ ಆಗ್ಲಿಕ್ಕಿಲ್ಲವಾ ಮಗಾ? ಸೋಲುವ ಪ್ರಶ್ನೆಯೇ ಇಲ್ಲವಲ್ಲ."

ಭಾವ ನಕ್ಕು 37 ಮನೆಗೂ ಒಂದೊಂದು ಅಡಿಕೆ ಇಟ್ಟ. ಚೀಟಿ ಎತ್ತಿದ. ಹದಿನಾಲ್ಕು. ಅದಕ್ಕೆ ಮೂವತ್ತೈದು, ಇಟ್ಟದ್ದು ಒಂದು, ಒಟ್ಟು ಮೂವತ್ತಾರು ಎಣಿಸಿ ತನ್ನ ಕಡೆಗೆ ಎಳೆದುಕೊಂಡ. ನೆಲದಲ್ಲಿ ಒಂದು ಉಳಿಯಿತು.

"ಇದು ಯಾರದ್ದು?"

"ಅದು ಹೌಸಿಗೆ ಅಮ್ಮ. ಹೌಸ್ ಅಂದರೆ ಮನೆ, ಆಡಿಸುವವರು."

ಅತ್ತೆ ತಮ್ಮ ಮಣೆಯನ್ನೊಮ್ಮೆ ನೋಡಿದರು. ಎರಡು ಸಾಲಿಗೆ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು ಐವತ್ತಾರು. "ಚೆನ್ನೆ ಸಾಧು ಆಟ ಅಂತ ನಾನು ಹೇಳುವುದಿಲ್ಲ. ಚೆನ್ನೆ ಆಡುವಾಗಲೇ ಅಲ್ಲವಾ ಪಾಡ್ದನದ ಅಕ್ಕತಂಗಿ ಅಬ್ಬಗ-ದಾರಗ ಜೀವ ಕಳಕೊಂಡದ್ದು? ಆದರೆ ಇಷ್ಟು ವರ್ಷದಲ್ಲಿ ಕಾಯಿ ನನ್ನಿಂದ ಇವಳಿಗೆ ಹೋಗಿದೆ, ಇವಳಿಂದ ನನಗೆ ಬಂದಿದೆ. ಮಣೆ ಒಂದು ಕಾಯಿಯನ್ನೂ ತಿಂದದ್ದಿಲ್ಲ. ನಮ್ಮದಕ್ಕೆ ಮಣೆ ಮಾತ್ರ ಮಗಾ. ನಿನ್ನದಕ್ಕೆ ಮನೆ ಉಂಟು, ಅದಕ್ಕೆ ಹೊಟ್ಟೆಯೂ ಉಂಟು."

ಭಾವ ಬಿಡಲಿಲ್ಲ. ಅಲ್ಲಿಯ ಶಿಸ್ತು, ಕಾನೂನು ಎಲ್ಲ ವರ್ಣಿಸಿದ. 2020ರ ಫೆಬ್ರವರಿಯಿಂದ ಗೋವೆಯವರನ್ನೇ ಆಡಲು ಬಿಡುವುದಿಲ್ಲ, ಹೊರಗಿನಿಂದ ಬಂದವರಿಗೆ ಮಾತ್ರ ಎಂದೂ ಹೆಮ್ಮೆಯಿಂದ ಸೇರಿಸಿದ.

"ಮನೆಯವರೇ ಉಣ್ಣದ ಸಾರನ್ನು ನೆಂಟರಿಗೆ ಬಡಿಸಿದರು, ನೀನು ಮೇಜು ತಟ್ಟಿ ತಟ್ಟಿ ಹಾಕಿಸಿಕೊಂಡೆ" ಎಂದರು ಅತ್ತೆ. ನೆಲದಲ್ಲಿ ಉಳಿದಿದ್ದ ಆ ಒಂದು ಅಡಿಕೆಯನ್ನು ಎತ್ತಿ, ಕತ್ತರಿಯಲ್ಲಿ ಹೋಳು ಮಾಡಿ, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಜಗಿದರು. ವೀಳ್ಯದ ತಟ್ಟೆಯ ಕಡೆ ಒಮ್ಮೆ ನೋಡಿ ಹೇಳಿದರು:

"ಇನ್ನೊಂದು ಆಟ ಹಾಕು ಮಗಾ. ಎಲೆ ಇನ್ನೂ ನಾಲ್ಕು ಉಂಟು."