ಪೊಟ್ಟಣದೊಳಗಿನ ತುಕ್ಕು

ಬಾದಾಮಿ ಪ್ಯಾಕೆಟ್ಟು, ಒಣ ಹಣ್ಣಿನ ಕೇಕು, ಪರದೇಶದಿಂದ ಬಂದವರು ಕೈಗಿಡುವ ಮಿಠಾಯಿ ಡಬ್ಬಿ, ಇವುಗಳೊಳಗೆ ಒಂದು ಪುಟ್ಟ ಬಿಳಿ ಚೀಲ ಇರುತ್ತಲ್ಲ, ‘ತಿನ್ನಬೇಡಿ’ ಅಂತ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು: “ಏನ್ರೀ ಇದು, ಇಲಿ ಪಾಷಾಣ ಗಿಲಿ ಪಾಷಾಣ ಅಲ್ಲ ತಾನೇ? ಮೊಮ್ಮಗ ಇನ್ನೇನು ಬಾಯಿಗೆ ಹಾಕ್ಕೊಳ್ತಿದ್ದ.” ಪಾಷಾಣವಲ್ಲ, ಕಬ್ಬಿಣದ ಪುಡಿ ಅಂದೆ. ತುಕ್ಕು ಹಿಡಿಯೋದೇ ಅದರ ಕೆಲಸ ಅಂದೆ. ತಿಂಡಿಯ ಡಬ್ಬಿಯೊಳಗೆ ದುಡ್ಡು ಕೊಟ್ಟು ತುಕ್ಕು ಇಡ್ತಾರಾ ಅಂತ ಅವರಿಗೆ ಆಶ್ಚರ್ಯ. ಇಡ್ತಾರೆ. ಅದೂ ಬೇಕು ಬೇಕಂತಲೇ.

ಈ ಚೀಲಗಳಲ್ಲಿ ಎರಡು ಜಾತಿ. ಹೊಸ ಚಪ್ಪಲಿ, ವ್ಯಾನಿಟಿ ಬ್ಯಾಗು, ಮಾತ್ರೆ ಬಾಟಲಿಗಳಲ್ಲಿ ಬರುವುದು ಸಿಲಿಕಾ ಜೆಲ್. ಒತ್ತಿ ನೋಡಿದರೆ ಒಳಗೆ ಸಾಬಕ್ಕಿಯ ಹಾಗೆ ಕಾಳು ಉರುಳುತ್ತವೆ. ಅದು ತೇವ ಹೀರುತ್ತದೆ, ಅಷ್ಟೇ. ಇನ್ನೊಂದರಲ್ಲಿ ಕಾಳಿಲ್ಲ, ನುಣ್ಣನೆ ಪುಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತ ತಂದು ಹತ್ತಿರ ಹಿಡಿದರೆ ಚೀಲ ಟಪಕ್ಕಂತ ಎಗರಿ ಅಂಟಿಕೊಳ್ಳುತ್ತದೆ. ಡಬ್ಬಿ ತೆಗೆದ ಹೊಸತರಲ್ಲಿ ಮುಟ್ಟಿದರೆ ಕೆಲವೊಮ್ಮೆ ಉಗುರು ಬೆಚ್ಚಗೂ ಇರುತ್ತದೆ. ಒಂದೆರಡು ದಿನ ಹೊರಗೆ ಬಿಟ್ಟರೆ ಒಳಗಿನ ಪುಡಿಯೆಲ್ಲ ಗಟ್ಟಿ ಹೆಂಟೆಯಾಗಿ, ಬಗ್ಗಿಸಿದರೆ ಮುರಿಯುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು ಅಂತ ಅರ್ಥ.

ಕೋಡುಬಳೆ ಕಮಟು ಹೊಡೆಯೋದು ಯಾಕೆ ಅಂತ ನಿಮಗೇನು ಹೊಸದಾಗಿ ಹೇಳಬೇಕಿಲ್ಲ, ಅಲ್ವಾ? ಗಾಳಿ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ನಾವು ಉಸಿರಾಡೋದು ಅದರಿಂದಲೇ, ನಮ್ಮ ಶೇಂಗಾ ಚಟ್ನಿಪುಡಿ ಕೆಡೋದೂ ಅದರಿಂದಲೇ. ಎಣ್ಣೆ, ಕೊಬ್ಬರಿ, ಬೀಜ ಇವಕ್ಕೆಲ್ಲ ಅದು ಮೆಲ್ಲಗೆ ಸೇರಿಕೊಂಡು ವಾಸನೆ ತಿರುಗಿಸುತ್ತದೆ, ಅರಿಶಿನ ಮೆಣಸಿನಪುಡಿಗಳ ಬಣ್ಣ ಮಾಸಿಸುತ್ತದೆ. ಬೂಷ್ಟಿಗೂ ಹುಳಕ್ಕೂ ಬದುಕಲು ಅದೇ ಬೇಕು. ಹಾಗಾಗಿ ಆಮ್ಲಜನಕವನ್ನು ತಿಂಡಿಗಿಂತ ಮುಂಚೆ ಹಿಡಿದು ನುಂಗುವ ಇನ್ನೊಂದು ವಸ್ತು ಒಳಗಿದ್ದರೆ ಕೋಡುಬಳೆ ಬಚಾವು.

ಅಂಥ ವಸ್ತುಗಳಲ್ಲಿ ಕಬ್ಬಿಣ ಎತ್ತಿದ ಕೈ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 300 ಮಿಲಿಲೀಟರ್ ಆಮ್ಲಜನಕ ಹೀರಿಕೊಳ್ಳುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಇರೋದೇ 210 ಮಿಲಿಲೀಟರ್. ಅಂದರೆ ಒಂದು ಚಿಟಿಕೆ ಕಬ್ಬಿಣದ ಪುಡಿ ಒಂದು ಲೀಟರ್ ಡಬ್ಬಿಯ ಆಮ್ಲಜನಕವನ್ನೆಲ್ಲ ಲೆಕ್ಕಕ್ಕೆ ಮುಗಿಸಿಬಿಡುತ್ತದೆ! ಹೊರಗಿನಿಂದ ನುಸುಳಿ ಬರುವುದಕ್ಕೂ ಆಗಲಿ ಅಂತ ಸ್ವಲ್ಪ ಹೆಚ್ಚೇ ಹಾಕುತ್ತಾರೆ ಬಿಡಿ. ಬರೀ ಕಬ್ಬಿಣ ಸಾಲದು, ಬೇಗ ತುಕ್ಕು ಹಿಡಿಯಲಿ ಅಂತ ಉಪ್ಪು, ಒಂದಿಷ್ಟು ಇದ್ದಿಲು, ತೇವವನ್ನು ಹಿಡಿದಿಟ್ಟುಕೊಳ್ಳುವ ಖನಿಜದ ಪುಡಿ. ಸಮುದ್ರ ತೀರದ ಊರಲ್ಲಿ ಕಿಟಕಿ ಸರಳು ಬೇಗ ಹಾಳಾಗೋದಕ್ಕೆ ಏನೇನು ಕಾರಣವೋ ಅವೆಲ್ಲವನ್ನೂ ಬೆರಳಗಲದ ಚೀಲಕ್ಕೆ ತುಂಬಿದ್ದಾರೆ. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ 1977ರಲ್ಲಿ ಇದನ್ನು ‘ಏಜ್‌ಲೆಸ್’ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿನ ಅಕ್ಕಿ ಕಡುಬಿಗೆ, ಕೇಕಿಗೆ, ಒಣಮೀನಿಗೆ ಇದು ಹೇಳಿ ಮಾಡಿಸಿದ ಹಾಗಾಯಿತು. ಚಳಿಗಾಲದಲ್ಲಿ ಜಪಾನಿನವರು ಜೇಬಲ್ಲಿ ಇಟ್ಟುಕೊಳ್ಳುವ ಕೈ ಬೆಚ್ಚಗೆ ಮಾಡುವ ಪೊಟ್ಟಣದಲ್ಲೂ ಇದೇ ಕಬ್ಬಿಣ, ಇದೇ ಉಪ್ಪು, ಇದೇ ಇದ್ದಿಲು. ತುಕ್ಕು ಹಿಡಿಯುವಾಗ ಶಾಖ ಬರುತ್ತದಲ್ಲ, ಅಲ್ಲಿ ಆ ಶಾಖ ಬೇಕು, ಇಲ್ಲಿ ತುಕ್ಕು ಬೇಕು.

ಚಿಪ್ಸ್ ಪ್ಯಾಕೆಟ್ಟಿಗೆ ಮಾತ್ರ ಬೇರೆ ಉಪಾಯ. ಗಾಳಿ ತೆಗೆದು ಸಾರಜನಕ ತುಂಬುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬಸ್ಸು ಹತ್ತುವಾಗ ಗಮನಿಸಿದ್ದೀರಾ? ಉಜಿರೆಯಲ್ಲಿ ಕೊಂಡ ಪ್ಯಾಕೆಟ್ಟು ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ಟಣ್ ಅನ್ನುತ್ತಿರುತ್ತದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನದು ಹಿಗ್ಗುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ಚಿಪ್ಸಿಗಿಂತ ಅದನ್ನು ಬಡಿದು ಶಬ್ದ ಮಾಡೋದೇ ಖುಷಿ. ಒಳಗಡೆ ಹೊಳೆಯುತ್ತಲ್ಲ, ಅದು ಅಲ್ಯೂಮಿನಿಯಂ ಆವಿಯ ಲೇಪ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲೂ ಇರೋದಿಲ್ಲ. ಅಷ್ಟು ತೆಳುವಿದ್ದೂ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೂ ಸಾರಜನಕ ತುಂಬಿದ ಮೇಲೂ ಶೇಕಡ ಅರ್ಧ, ಒಂದು, ಕೆಲವೊಮ್ಮೆ ಎರಡರಷ್ಟು ಆಮ್ಲಜನಕ ಒಳಗೇ ಉಳಿದುಕೊಂಡಿರುತ್ತದೆ. ಕಬ್ಬಿಣದ ಚೀಲ ಅದನ್ನು ಶೇಕಡ 0.01ಕ್ಕಿಂತ ಕೆಳಗೆ ಇಳಿಸಬಲ್ಲದು.

ಕಾಫಿಪುಡಿಯ ವಿಷಯ ಇನ್ನೂ ಮಜಾ. ನಮ್ಮ ತಂದೆಯವರದು ಒಂದು ಕಟ್ಟುನಿಟ್ಟು: ಪುಡಿ ವಾರಕ್ಕಾಗುವಷ್ಟು ಮಾತ್ರ ತರಬೇಕು, ಅದೂ ಎದುರಿಗೇ ಬೀಸಿಸಿಕೊಂಡು. ಕಾಫಿ ವರ್ಕ್ಸಿನ ಮುಂದೆ ನಿಂತು ಪೀಬೆರಿ ಎಷ್ಟು, ಚಿಕೋರಿ ಎಷ್ಟು ಅಂತ ಹೇಳಿ, ಬಿಸಿ ಬಿಸಿ ಪೊಟ್ಟಣ ಎದೆಗವಚಿಕೊಂಡು ಮನೆಗೆ ಬರುತ್ತಿದ್ದೆವು. ಬಸ್ಸಲ್ಲಿ ಪಕ್ಕ ಕೂತವರೆಲ್ಲ ತಿರುಗಿ ನೋಡೋರು. ಆ ಘಮ ಗಾಳಿ ತಾಗಿದ ಕೆಲವೇ ದಿನಕ್ಕೆ ಇಳಿಯುತ್ತದೆ, ತಂದೆಯವರ ಲೆಕ್ಕ ಸರಿಯಾಗೇ ಇತ್ತು. ಹಾಗಂತ ಹುರಿದ ಬೀಜವನ್ನು ತಕ್ಷಣ ಬಿಗಿಯಾಗಿ ಮುಚ್ಚಿಡೋಕೂ ಆಗೋದಿಲ್ಲ. ಹುರಿದ ಮೇಲೂ ದಿನಗಟ್ಟಲೆ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ, ಚೀಲ ಉಬ್ಬಿ ಹೊಲಿಗೆ ಬಿಟ್ಟೀತು. ಅದಕ್ಕೇ ಕೆಲವು ಕಾಫಿ ಪ್ಯಾಕೆಟ್ಟುಗಳ ಎದೆಯ ಮೇಲೆ ಗುಂಡಿಯಂಥದ್ದೊಂದು ಕವಾಟ, ಒಳಗಿನದು ಹೊರಗೆ ಹೋಗಬಹುದು, ಹೊರಗಿನದು ಒಳಗೆ ಬರುವಂತಿಲ್ಲ. ಇನ್ನು ಕೆಲವರು ಕಬ್ಬಿಣದ ಪುಡಿಯ ಜೊತೆಗೆ ಸುಣ್ಣ ಸೇರಿಸಿದ ಚೀಲ ಇಡುತ್ತಾರೆ. ನಾವು ವೀಳ್ಯದೆಲೆಗೆ ಸವರುತ್ತೇವಲ್ಲ, ಅದೇ ಅರಳಿದ ಸುಣ್ಣ! ಇಂಗಾಲದ ಡೈಆಕ್ಸೈಡನ್ನು ಸುಣ್ಣ ನೋಡಿಕೊಳ್ಳುತ್ತದೆ, ಆಮ್ಲಜನಕವನ್ನು ಕಬ್ಬಿಣ.

ಇಷ್ಟೆಲ್ಲ ಮಾಡಿಯೂ ಚೀಲಕ್ಕೆ ಅದರದೇ ತಾಪತ್ರಯ. ಮಕ್ಕಳು ಬಾಯಿಗೆ ಹಾಕುತ್ತಾರೆ, ಕಣ್ಣು ಮಂಜಾದ ಹಿರಿಯರು ಮಸಾಲೆ ಪೊಟ್ಟಣ ಅಂದುಕೊಂಡು ಹರಿದುಬಿಡುತ್ತಾರೆ. ರಸ, ಸಾಂಬಾರು, ಪಾಯಸದೊಳಗೆ ಅದನ್ನು ತೇಲಿಬಿಡೋಕಾಗುತ್ತಾ? ಕಾರ್ಖಾನೆಯಲ್ಲಿ ಇನ್ನೊಂದು ರಗಳೆ: ತಿಂಡಿಯೊಳಗೆ ಮೊಳೆ ಗಿಳೆ ಬಿದ್ದಿದೆಯೋ ಅಂತ ಹುಡುಕುವ ಲೋಹಶೋಧಕ ಯಂತ್ರ ಈ ಚೀಲಕ್ಕೂ ಕೂಗಿಕೊಳ್ಳುತ್ತದೆ.

ಅದಕ್ಕೇ ಚೀಲ ಬಿಟ್ಟು ಕಬ್ಬಿಣವನ್ನು ಪ್ಯಾಕೆಟ್ಟಿನ ಗೋಡೆಗೇ ಸೇರಿಸುವ ವಿದ್ಯೆ ಬಂತು. ನನಗೆ ತುಂಬ ಹಿಡಿಸಿದ್ದು ಇದೇ. ಹೊರಗಡೆ ಗಾಳಿ ತಡೆಯುವ ಪದರ, ನಡುವೆ ಕಬ್ಬಿಣದ ಪುಡಿ ಕಲಸಿದ ಪ್ಲಾಸ್ಟಿಕ್ ಪದರ, ತಿಂಡಿಗೆ ತಾಗುವ ಕಡೆ ಇನ್ನೊಂದು ತೆಳು ಪದರ. ಒಳಗಿರುವ ಆಮ್ಲಜನಕ ತೆಳು ಪದರವನ್ನು ದಾಟಿ ಕಬ್ಬಿಣಕ್ಕೆ ಸಿಕ್ಕಿಬೀಳುತ್ತದೆ, ಹೊರಗಿನಿಂದ ನುಸುಳುವುದೂ ಅಲ್ಲೇ ಸಿಕ್ಕಿಬೀಳುತ್ತದೆ. ಕಬ್ಬಿಣ ಮಾತ್ರ ತಿಂಡಿಗೆ ತಾಗುವುದೇ ಇಲ್ಲ. ಜಪಾನಿನಲ್ಲಿ ಬೇಯಿಸಿದ ಅನ್ನವನ್ನೇ ಬಟ್ಟಲಲ್ಲಿ ಮುಚ್ಚಿ ಮಾರುತ್ತಾರೆ. ಅಂಥ ಬಟ್ಟಲುಗಳ ಗೋಡೆಗೆ ಇದನ್ನು ಬಳಸುತ್ತಾರೆ. ಇದರಲ್ಲೊಂದು ಸೊಗಸು ನೋಡಿ: ಕಬ್ಬಿಣಕ್ಕೆ ತೇವ ತಾಗದೆ ತುಕ್ಕು ಹಿಡಿಯೋದಿಲ್ಲ. ಹಾಗಾಗಿ ಖಾಲಿ ಹಾಳೆ ಗೋದಾಮಿನಲ್ಲಿ ಒಣಗಿಕೊಂಡಿರುವಷ್ಟು ಕಾಲ ತೆಪ್ಪಗಿರುತ್ತದೆ. ಹಬೆಯಾಡುವ ಅನ್ನ ಬಿದ್ದಾಗ ಎಚ್ಚರವಾಗುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ! ಕೊರತೆ ಅಂದರೆ ಬಣ್ಣ. ಕಬ್ಬಿಣ ಸೇರಿದ ಹಾಳೆ ಬೂದು ಬೂದು, ಒಳಗಿನ ಪದಾರ್ಥ ಕಾಣೋದಿಲ್ಲ. ಕಣ್ಣಲ್ಲಿ ನೋಡದೆ ತಿಂಡಿ ಕೊಳ್ಳೋಕೆ ನಮಗ್ಯಾರಿಗೆ ಮನಸ್ಸು ಬರುತ್ತೆ ಹೇಳಿ?

ಅದಕ್ಕೆ ಬೇರೆ ಖನಿಜಗಳ ಹುಡುಕಾಟವೂ ನಡೆದಿದೆ. ಸೀರಿಯಂ ಅಂತ ಒಂದು ಲೋಹ, ಸಿಗರೇಟ್ ಲೈಟರಿನ ಕಿಡಿ ಕಲ್ಲಲ್ಲಿ ಇರುತ್ತದಲ್ಲ, ಅದರ ಆಕ್ಸೈಡು ಮಾಸಲು ಹಳದಿ ಪುಡಿ. ಜಲಜನಕದಲ್ಲಿ ಚೆನ್ನಾಗಿ ಕಾಯಿಸಿದರೆ ಒಳಗಿನ ಆಮ್ಲಜನಕ ಒಂದಿಷ್ಟು ಕಳಚಿಹೋಗಿ ಪುಡಿ ಕಪ್ಪುನೀಲಿಗೆ ತಿರುಗುತ್ತದೆ. ಹರಳಿನೊಳಗೆ ಆಮ್ಲಜನಕ ಕೂತಿದ್ದ ಜಾಗಗಳು ಖಾಲಿ. ಆಮೇಲೆ ಎಲ್ಲಿ ಆಮ್ಲಜನಕ ಕಂಡರೂ ಎಳೆದು ಆ ಖಾಲಿ ಜಾಗಕ್ಕೆ ಕೂರಿಸಿಕೊಳ್ಳುತ್ತದೆ. ಇದಕ್ಕೆ ತೇವ ಬೇಡ, ಲೋಹಶೋಧಕವೂ ಕೂಗೋದಿಲ್ಲ. ಬೆಲೆ ಮಾತ್ರ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು. ಆಕ್ಸ್‌ಫರ್ಡಿನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಲೇಪದ ದಾರಿಯೇ ಬೇರೆ: ಹೈಡ್ರೋಟಾಲ್ಸೈಟ್ ಬಗೆಯ ಖನಿಜದ ಅತಿ ತೆಳು ಪದರಗಳನ್ನು ನೀರಲ್ಲಿ ಕಲಸಿ ಪ್ಲಾಸ್ಟಿಕ್ ಮೇಲೆ ಬಳಿದರು. ಆಮ್ಲಜನಕ ಆ ಪದರಗಳ ಸಂದಿಯಲ್ಲಿ ಸುತ್ತಿ ಬಳಸಿಕೊಂಡು ಬರಬೇಕು, ಬರೋದರೊಳಗೆ ಸಾಕಾಗುತ್ತದೆ. ಇದು ನುಂಗೋದಿಲ್ಲ, ತಡೆಯುತ್ತದೆ. ತಡೆಯೋದು ಹೊರಗೆ, ನುಂಗೋದು ಒಳಗೆ, ಎರಡೂ ಒಂದೇ ಹಾಳೆಯಲ್ಲಿ ಅಗ್ಗಕ್ಕೆ ಸಿಕ್ಕರೆ ಗೋಕಾಕದ ಕರದಂಟು ಕಮಟಾಗದೆ ಎಲ್ಲಿಗೆ ಬೇಕಾದರೂ ಹೋಗಿ ಬಂದೀತು.

ಆಮ್ಲಜನಕ ನುಂಗುವ ಲೇಪ ಅಂದರೆ ಏನೋ ಹೊಸದು ಅನ್ನಿಸುತ್ತೆ, ಅಲ್ವಾ? ಅನಾನಸ್ ಹಣ್ಣಿನ ತಗಡಿನ ಡಬ್ಬಿ ತೆಗೆದು ಒಳಗೆ ನೋಡಿ. ಬಹಳಷ್ಟು ಡಬ್ಬಿಗಳ ಒಳಗೋಡೆಗೆ ಬಣ್ಣದ ಲೇಪ ಇರೋದಿಲ್ಲ, ಬರೀ ತವರ. ಹಣ್ಣಿನ ಹುಳಿಗೆ ತವರ ತಾನೇ ಮೊದಲು ಕರಗುತ್ತಾ, ಒಳಗುಳಿದ ಆಮ್ಲಜನಕವನ್ನೂ ಮುಗಿಸುತ್ತದೆ. ಹಾಗಾಗಿಯೇ ಹೋಳುಗಳು ತಿಂಗಳಾನುಗಟ್ಟಲೆ ಹಳದಿಯಾಗೇ ಇರುತ್ತವೆ. ಕೆಂಪು ಹಣ್ಣುಗಳಿಗೆ ಮಾತ್ರ ಇದು ಆಗಿಬರೋದಿಲ್ಲ, ತವರ ಅವುಗಳ ಬಣ್ಣ ಕೆಡಿಸುತ್ತದೆ, ಅದಕ್ಕೇ ಆ ಡಬ್ಬಿಗಳಿಗೆ ಒಳಗೆ ಲೇಪ ಬಳಿಯುತ್ತಾರೆ. ಡಬ್ಬಿ ತೆಗೆದ ಮೇಲೆ ಮಿಕ್ಕ ಅನಾನಸ್ಸನ್ನು ಅದರಲ್ಲೇ ಫ್ರಿಜ್ಜಿಗೆ ಇಡಬೇಡಿ, ಗಾಳಿ ಸೇರಿದರೆ ತವರ ಬಹಳ ಬೇಗ ಕರಗತೊಡಗುತ್ತದೆ. ಸ್ಟೀಲಿನ ಬಟ್ಟಲಿಗೋ ಗಾಜಿನ ಡಬ್ಬಿಗೋ ಸುರಿದುಕೊಳ್ಳಿ.

ನಮ್ಮ ಮೈಸೂರಿಗಂತೂ ಆಹಾರ ಕಾಪಾಡುವ ವಿದ್ಯೆ ಮನೆಮಾತು. ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. 1950ರಿಂದ ಅಲ್ಲಿನ ಚೆಲುವಾಂಬ ಮ್ಯಾನ್ಶನ್ನಿನಲ್ಲಿದೆ. ಸೈನಿಕರ ಊಟಕ್ಕಾಗಿಯೇ ಡಿ.ಎಫ್.ಆರ್.ಎಲ್. ಪ್ರಯೋಗಾಲಯ 1961ರಲ್ಲಿ ಹುಟ್ಟಿತು. ಹಿಮದ ಗಡಿಯಲ್ಲಿ ನಿಂತವರಿಗೆ ಪೊಟ್ಟಣ ಬಿಸಿ ಮಾಡಿದರೆ ಪಲಾವ್ ಸಿಗುವ ಹಾಗೆ ಮಾಡಿದವರು ಅವರು.

ಒಂದು ವಿಷಯ ಮಾತ್ರ ಪಕ್ಕದ ಮನೆಯವರಿಗೆ ಒತ್ತಿ ಒತ್ತಿ ಹೇಳಿದೆ. ಗಾಳಿಯಿಲ್ಲದ ಕಡೆಯೇ ಚೆನ್ನಾಗಿ ಬೆಳೆಯುವ ಕ್ರಿಮಿಯೂ ಇದೆ. ಬೊಟ್ಯುಲಿಸಂ ತರುವಂಥದ್ದು, ಅದರ ವಿಷ ಪ್ರಾಣಕ್ಕೇ ಕುತ್ತು. ಹಾಗಾಗಿ ಕಬ್ಬಿಣದ ಚೀಲ ಇದೆ ಅಂತ ಹಸಿಕಾಯಿ ಚಟ್ನಿಯನ್ನೋ ಪಲ್ಯವನ್ನೋ ಮುಚ್ಚಿ ಹೊರಗಿಟ್ಟರೆ ಅಪಾಯ. ಚಕ್ಕುಲಿ, ಬೀಜ, ಚಟ್ನಿಪುಡಿ, ಕಾಫಿಪುಡಿ ಇಂಥ ಒಣ ಪದಾರ್ಥಕ್ಕೆ ಧಾರಾಳವಾಗಿ ಬಳಸಿ. ಜಪಾನಿನ ಅನ್ನದ ಬಟ್ಟಲನ್ನು ಕಾರ್ಖಾನೆಯವರು ಲೆಕ್ಕ ಹಾಕಿ, ಕ್ರಿಮಿ ಉಳಿಯದ ಹಾಗೆ ಮಾಡಿ ಮುಚ್ಚಿರುತ್ತಾರೆ, ಆ ಕೆಲಸ ಅಡುಗೆಮನೆಯಲ್ಲಿ ಆಗೋದಲ್ಲ.

“ಹಾಗಾದ್ರೆ ಬಾದಾಮಿ ಪ್ಯಾಕೆಟ್ಟಿನದನ್ನೇ ತೆಗೆದು ಚಟ್ನಿಪುಡಿ ಡಬ್ಬಿಗೆ ಹಾಕ್ಕೋಬಹುದಲ್ವಾ?” ಅಂದರು. ಆಗೋದಿಲ್ಲ. ಸಿಲಿಕಾ ಜೆಲ್ಲನ್ನಾದರೆ ಬಿಸಿ ಮಾಡಿ ತೇವ ಓಡಿಸಿ ಮತ್ತೆ ಬಳಸಬಹುದು, ತುಕ್ಕು ಹಿಡಿದ ಕಬ್ಬಿಣ ಬಾಣಲೆಯಲ್ಲಿ ಹುರಿದರೆ ವಾಪಸು ಬರೋದಿಲ್ಲ. ಹೊಸದನ್ನು ಕೊಂಡರೂ ಕವರು ಹರಿದ ತಕ್ಷಣ ಬಳಸಿ ಮುಗಿಸಬೇಕು, ಕೋಣೆಯ ಗಾಳಿಯಲ್ಲೇ ಅದರ ಶಕ್ತಿ ಖರ್ಚಾಗುತ್ತಿರುತ್ತದೆ. ಮುಚ್ಚಳ ಸಡಿಲವಾದ ಡಬ್ಬಿಗೂ ತೆಳು ಪಾಲಿಥೀನ್ ಕವರಿಗೂ ಹಾಕಿ ಪ್ರಯೋಜನವಿಲ್ಲ, ಬಿಗಿ ಮುಚ್ಚಳದ ಗಾಜಿನ ಬಾಟಲಿಯೇ ಬೇಕು.

ಜಪಾನಿನ ಕೆಲವು ಪ್ಯಾಕೆಟ್ಟುಗಳಲ್ಲಿ ಚೀಲದ ಪಕ್ಕದಲ್ಲಿ ಒಂದು ಸಣ್ಣ ಗುಳಿಗೆಯನ್ನೂ ಇಡುತ್ತಾರೆ. ಆಮ್ಲಜನಕ ಶೇಕಡ 0.1ಕ್ಕೆ ಇಳಿದರೆ ಗುಲಾಬಿ ಬಣ್ಣ, 0.5 ದಾಟಿದರೆ ನೀಲಿ. ಪ್ಯಾಕೆಟ್ಟು ಎಲ್ಲೋ ತೂತಾಗಿದ್ದರೆ ಅಂಗಡಿಯಲ್ಲೇ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ದಿನಾಂಕವನ್ನು ಪ್ಯಾಕೆಟ್ಟಿನ ಮಡಿಕೆಯೊಳಗೆ ಮಸುಕು ಮಸುಕಾಗಿ ಒತ್ತಿರುತ್ತಾರೆ, ಹುಡುಕಿ ಓದುವಷ್ಟರಲ್ಲಿ ಹಿಂದಿನ ಸಾಲಿನವರು ಗೊಣಗುತ್ತಾರೆ. ಆ ಗುಳಿಗೆ ನಮ್ಮ ಕೊಬ್ಬರಿ ಮಿಠಾಯಿ, ಶೇಂಗಾ ಹೋಳಿಗೆ ಪ್ಯಾಕೆಟ್ಟುಗಳಿಗೂ ಬರಬೇಕು ಕಣ್ರೀ. ಗುಲಾಬಿಯಿದ್ದರೆ ಬುಟ್ಟಿಗೆ, ನೀಲಿಯಿದ್ದರೆ ವಾಪಸು ಅಂಗಡಿಯವರ ಕೈಗೆ.