ವಾಲ್ವ್ ಇದ್ದವರ ಪಾಡು

ಎಂಜಿನ್ ಬಿಚ್ಚುವ ಕೆಲಸವನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ. ಕವಿತೆ ಬರೆಯುವವರು, ಷೇರುಪೇಟೆಯಲ್ಲಿ ದುಡ್ಡು ಹಾಕಿದವರು ಮನೆಯವರಿಗೂ ಸುಳಿವು ಕೊಡದೆ ವರ್ಷಗಟ್ಟಲೆ ಇದ್ದುಬಿಡಬಹುದು. ಬುಲೆಟ್ಟಿನ ಬಲಮಗ್ಗುಲಿನ ಟೈಮಿಂಗ್ ಕವರ್ ತೆಗೆದವನಿಗೆ ಆ ಭಾಗ್ಯವಿಲ್ಲ. ಕವರ್ ಸಡಿಲಗೊಂಡದ್ದೇ ತಡ, ಒಳಗೆ ಉಳಿದಿದ್ದ ಎಣ್ಣೆ ಹೊರಡುತ್ತದೆ. ಅಡಿಯಲ್ಲಿ ಎಷ್ಟು ಅಗಲದ ಟ್ರೇ ಇಟ್ಟರೂ ಅದರ ಆಚೆಗೇ ಬೀಳುತ್ತದೆ. ಅಮ್ಮ ರಂಗೋಲಿ ಹಾಕುವ ಜಾಗ ಯಾವುದೆಂದು ಅದಕ್ಕೆ ಹೇಗೋ ಗೊತ್ತಿರುತ್ತದೆ.

ನಾನು ಕೈ ಹಾಕಿದ್ದು ಕ್ಯಾಮ್ ಬದಲಿಸುವ ಕೆಲಸಕ್ಕೆ. ಗಾಡಿ ಎರಕದ ಬ್ಲಾಕಿನ ಹಳೇ 350. ಬೋರು 70 ಮಿ.ಮೀ., ಸ್ಟ್ರೋಕು 90, ಒಟ್ಟು 346 ಸಿ.ಸಿ., ಕಾಗದದ ಮೇಲೆ 18 ಕುದುರೆಗಳು. ಆ ಕುದುರೆಗಳಲ್ಲಿ ಎಷ್ಟು ಇನ್ನೂ ಲಾಯದಲ್ಲಿವೆ, ಎಷ್ಟು ಓಡಿಹೋಗಿವೆ ಎಂದು ಎಣಿಸುವ ಗೋಜಿಗೆ ನಾನು ಹೋಗಿಲ್ಲ. 1955ರಲ್ಲಿ ಮದರಾಸಿನಲ್ಲಿ ಜೋಡಿಸಲು ತೊಡಗಿದ ಇಂಗ್ಲೆಂಡಿನ ಗಾಡಿ ಇದು. ಅಲ್ಲಿನ ರೆಡಿಚ್ ಕಾರ್ಖಾನೆ ಮುಚ್ಚಿ ದಶಕಗಳೇ ಆದರೂ ಆ ದೇಶದಲ್ಲಿ ಇದರ ಬಿಡಿಭಾಗ ಮಾರುವವರು ಇಂದಿಗೂ ಇದ್ದಾರೆ. ರಜೆಗೆ ಬಂದ ಅಕ್ಕನ ಮಗ ಚಾಕೊಲೇಟಿನ ಜೊತೆಗೆ ಒಂದು ಜೊತೆ ಹೈ ಲಿಫ್ಟ್ ಕ್ಯಾಮ್ ತಂದುಕೊಟ್ಟ. ಚಾಕೊಲೇಟ್ ಹಂಚಿ ಮುಗಿಯುವ ಹೊತ್ತಿಗೆ ಬೈಕು ಸೆಂಟರ್ ಸ್ಟ್ಯಾಂಡಿನ ಮೇಲೇರಿತ್ತು.

ಕ್ಯಾಮ್ ನೋಡಲು ಏನೇನೂ ಅಲ್ಲ. ಹಲ್ಲಿನ ಗಾಲಿಗೆ ಅಂಟಿದ ಒಂದು ಉಕ್ಕಿನ ಉಬ್ಬು, ಅಂಗೈಯಲ್ಲಿ ಅಡಗುತ್ತದೆ. ಬುಲೆಟ್ಟಿನಲ್ಲಿ ಇಂಥವು ಎರಡು: ಪೆಟ್ರೋಲು ಬೆರೆತ ಗಾಳಿ ಒಳಗೆ ಬರುವ ವಾಲ್ವಿಗೊಂದು, ಸುಟ್ಟ ಹೊಗೆ ಹೊರಹೋಗುವ ವಾಲ್ವಿಗೊಂದು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ನೂಕುತ್ತದೆ, ಪುಶ್‌ರಾಡ್ ರಾಕರನ್ನು ತಿವಿಯುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ಎಂಜಿನ್ 3000 ಸುತ್ತಿನಲ್ಲಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ಬಾಯಿ ತೆರೆದು ಮುಚ್ಚಬೇಕು. ಹೈ ಲಿಫ್ಟ್ ಕ್ಯಾಮಿನ ಉಬ್ಬು ತುಸು ಎತ್ತರ, ತುಸು ಅಗಲ. ಹಾಗಾಗಿ ವಾಲ್ವು ಹೆಚ್ಚು ತೆರೆಯುತ್ತದೆ, ಹೆಚ್ಚು ಹೊತ್ತು ತೆರೆದೇ ಇರುತ್ತದೆ, ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಗಳಿಗೆಯೂ ಹಿಗ್ಗುತ್ತದೆ. ಹಳೇ ಕ್ಯಾಮನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದ ಹೆಂಡತಿ, "ಎರಡೂ ಒಂದೇ ಥರ ಇದಾವಲ್ಲ ರೀ" ಎಂದಳು. ವರ್ನಿಯರ್ ಹಚ್ಚಿ ತೋರಿಸಿದೆ. ಎರಡು ಸೀರೆಗಳ ಅಂಚಿನ ವ್ಯತ್ಯಾಸ ಕಾಣದ ನನ್ನ ಕಣ್ಣಿನ ಬಗ್ಗೆ ಒಂದು ಮಾತಾಡಿ ಒಳಗೆ ಹೋದಳು.

ಇದರಿಂದ ಆಗುವುದೇನೆಂದು ತಿಳಿಯಲು ಸಂಜೆ ಐದೂವರೆಯ ಸಿಟಿ ಬಸ್ಸನ್ನು ನೋಡಿದರೆ ಸಾಕು. ನೂಕುನುಗ್ಗಲಿನ ನಿಲ್ದಾಣದಲ್ಲಿ ಎರಡೂ ಬಾಗಿಲು ಒಟ್ಟಿಗೆ ತೆರೆದಿದ್ದರೆ ಇಳಿಯುವವರ ರಭಸವೇ ಹತ್ತುವವರನ್ನು ಒಳಗೆಳೆದುಕೊಳ್ಳುತ್ತದೆ, ಬಸ್ಸು ಬೇಗ ತುಂಬುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅದೇ ಎರಡು ಬಾಗಿಲು ತೆರೆದಿಟ್ಟರೆ ಹಿಂದೆ ಹತ್ತಿದವನು ಸೀಟು ಹಿಡಿಯದೆ ಮುಂದಿನ ಬಾಗಿಲಲ್ಲಿ ಇಳಿದುಹೋಗುತ್ತಾನೆ. ಎಂಜಿನ್ ಜೋರಾಗಿ ತಿರುಗುವಾಗ ದೊಡ್ಡ ಕ್ಯಾಮ್ ವರ. ಮೆಲ್ಲಗೆ ಗುಡುಗುಡಿಸುತ್ತ ನಿಂತಾಗ ಅದೇ ಶಾಪ, ಐಡ್ಲಿಂಗ್ ತೊದಲುತ್ತದೆ. ಅಂದರೆ ಮೇಲಿನ ಸುತ್ತಿನಲ್ಲಿ ಸಿಗುವ ಶಕ್ತಿಗೆ ಕೆಳಗಿನ ಸುತ್ತಿನಲ್ಲಿ ಬೆಲೆ ತೆರಬೇಕು. ಬುಲೆಟ್ಟನ್ನು ಜನ ಇಟ್ಟುಕೊಳ್ಳುವುದೇ ಆ ಕೆಳಗಿನ ಸುತ್ತಿಗಾಗಿ, ಸಿಗ್ನಲ್ಲಿನಲ್ಲಿ ನಿಂತಾಗ ಹೊಡೆಯುವ ಆ ಡುಗ್ ಡುಗ್‌ಗಾಗಿ. ಅದನ್ನೇ ಅಡವಿಟ್ಟು ವೇಗ ತರುವುದು ಯಾವ ಜಾಣತನ ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟೆ. ಅಮ್ಮನಿಗೆ "ರಿಪೇರಿ" ಎಂದೆ. ಹೆಂಡತಿಗೆ "ಮೈಲೇಜು" ಎಂದೆ. ಪಕ್ಕದ ಮನೆಯ ಹಿರಿಯರಿಗೆ "ಚಾಮುಂಡಿ ಬೆಟ್ಟ ಹತ್ತೋವಾಗ ಪಿಕಪ್ ಸಾಲಲ್ಲ ಸಾರ್" ಎಂದೆ.

ಹಿರಿಯರು ನಂಬುವ ಕುಳವಲ್ಲ. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಗಾಡಿ ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆ ಅವರ ಮಾತಿನಲ್ಲಿ ಇನ್ನೂ ಮೂರು ಪಾಳಿಯಲ್ಲಿ ನಡೆಯುತ್ತಿದೆ. ಕಾಂಪೌಂಡಿನ ಮೇಲೆ ಮೊಣಕೈ ಊರಿ, ಹಳೇ ಪ್ರಜಾವಾಣಿಯ ಮೇಲೆ ಹರಡಿದ್ದ ನನ್ನ ಸಾಮಾನುಗಳನ್ನು ಒಂದೊಂದಾಗಿ ನೋಡಿದರು.

"ಏನಪ್ಪ ಇದು, ವಾಲ್ವು, ಸ್ಪ್ರಿಂಗು, ರಾಕರ್ರು, ಟ್ಯಾಪೆಟ್ಟು! ನಮ್ಮ ಗಾಡೀಲಿ ಇದ್ಯಾವುದಾದರೂ ಇತ್ತಾ? ಪಿಸ್ಟನ್ನೇ ಮೇಲೆ ಹೋಯ್ತು, ಒಂದು ಕಿಂಡಿ ತೆರೀತು. ಕೆಳಗೆ ಬಂತು, ಇನ್ನೊಂದು ಕಿಂಡಿ ತೆರೀತು. ಮುಗೀತು."

ಟೂ ಸ್ಟ್ರೋಕಿನ ಮಟ್ಟಿಗೆ ಅದು ನಿಜ. ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಒಂದೇ ಲಿವರನ್ನು ಒಂದು ಕಡೆ ತಿರುಗಿಸಿದರೆ ಕಿಕ್ಕು, ಇನ್ನೊಂದು ಕಡೆಗೆ ಗೇರು ಎಂದು ಮಾಡಿದವರ ಮಿತವ್ಯಯವನ್ನು ಒಪ್ಪಲೇಬೇಕು. ಆದರೆ ಆ ಗಾಡಿ ಹಿಂದೆ ಬಿಡುತ್ತಿದ್ದ ಹೊಗೆಯ ಮಾತು ಎತ್ತಿದರೆ ಅವರಿಗೆ ಕಿವಿ ಮಂದವಾಗುತ್ತದೆ. "ಬೆಟ್ಟ ಹತ್ತೋಕೆ ಕೆಳಗಿನ ಪಿಕಪ್ ಬೇಕು. ನೀನು ಹಾಕ್ತಿರೋದು ಮೇಲಿನದಕ್ಕೆ. ಇನ್ನೊಂದು ಸುಳ್ಳು ಹುಡುಕ್ಕೋ" ಎಂದು ಹೇಳಿ ಕಾಫಿಗೆ ಹೋದರು.

ಕ್ಯಾಮ್ ಒಂದನ್ನೇ ಬದಲಿಸಿದರೆ ಮುಗಿಯುವುದಿಲ್ಲ. ಹಳೇ ಕ್ಯಾಮಿಗೆ ಸವೆದು ಹೊಂದಿಕೊಂಡ ಟ್ಯಾಪೆಟ್ಟನ್ನು ಹೊಸದರ ಮೇಲೆ ಕೂರಿಸಿದರೆ ಎರಡೂ ಒಂದನ್ನೊಂದು ತಿನ್ನುತ್ತವೆ, ಆದ್ದರಿಂದ ಟ್ಯಾಪೆಟ್ಟೂ ಹೊಸದಾಗಬೇಕು. ಸ್ಪ್ರಿಂಗೂ ಬಿಗಿಯಾಗಬೇಕು, ಇಲ್ಲದಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ವಾಲ್ವು ಕ್ಯಾಮಿನ ಹಿಂದೆ ಓಡಲಾರದೆ ಗಾಳಿಯಲ್ಲಿ ತೇಲುತ್ತದೆ. ಸ್ಪ್ರಿಂಗಿನ ಈ ಸೋಮಾರಿತನಕ್ಕೆ ಬೇಸತ್ತು ಇಟಲಿಯ ಡುಕಾಟಿ ಕಂಪನಿಯ ಫಾಬಿಯೊ ತಾಲ್ಯೋನಿ 1956ರಲ್ಲೇ, ವಾಲ್ವನ್ನು ಮುಚ್ಚುವುದಕ್ಕೂ ಕ್ಯಾಮನ್ನೇ ಹಚ್ಚಿದ ರೇಸಿನ ಬೈಕು ಮಾಡಿದ್ದರು. ನನ್ನ ಬಡಪಾಯಿ ಬುಲೆಟ್ಟಿಗೆ ಸ್ಪ್ರಿಂಗೇ ಗತಿ. ಅದನ್ನು ಅದುಮಿ ಹಿಡಿದು, ಕಡಲೆಬೇಳೆ ಗಾತ್ರದ ಎರಡು ವಾಲ್ವ್ ಲಾಕುಗಳನ್ನು ವಾಲ್ವಿನ ಕತ್ತಿಗೆ ಕೂರಿಸಬೇಕು. ಕೈ ಜಾರಿದರೆ ಅವು ಹಾರುವ ದೂರ ನ್ಯೂಟನ್ನನಿಗೂ ಒಗಟು. ನಮ್ಮ ಬಡಾವಣೆಯ ಮೆಕ್ಯಾನಿಕ್ ಭಾಯ್ ಹೇಳಿಕೊಟ್ಟ ಉಪಾಯ ಇದು: ಹೆಡ್ಡನ್ನೇ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಕೈ ಒಳಗೆ ತೂರಿಸಿ ಕೆಲಸ ಮಾಡುವುದು. ಲಾಕಿನ ಒಳಮೈಗೆ ಚೂರು ಗ್ರೀಸು ಸವರಿದರೆ ಅದು ಕತ್ತಿಗೆ ಅಂಟಿಕೊಂಡು ಕಾಯುತ್ತದೆ. ಶಸ್ತ್ರಚಿಕಿತ್ಸೆ ನಡೆದಿದೆ ಎಂದುಕೊಂಡ ಬೀದಿಯ ಮಕ್ಕಳು ಸದ್ದಿಲ್ಲದೆ ಸುತ್ತ ನಿಂತವು.

ಅಳತೆಯ ಕೆಲಸದಲ್ಲಿ ಮನೆಯ ಆಸ್ತಿಪಾಸ್ತಿ ಕರಗತೊಡಗಿತು. ವಾಲ್ವು ಯಾವ ಡಿಗ್ರಿಗೆ ತೆರೆಯುತ್ತದೆಂದು ನೋಡಲು 360 ಡಿಗ್ರಿಯ ಗಾಲಿಯೊಂದು ಬೇಕು. ಮಗಳ ಕಂಪಾಸ್ ಬಾಕ್ಸಿನಲ್ಲಿರುವುದು ಅರ್ಧವೃತ್ತ. ಅಳತೆಯ ಚಿತ್ರವನ್ನು ಪ್ರಿಂಟ್ ತೆಗೆಸಿ ಹಳೇ ಸಿ.ಡಿ.ಯೊಂದಕ್ಕೆ ಅಂಟಿಸಿ ಕ್ರ್ಯಾಂಕಿನ ತುದಿಗೆ ಸಿಕ್ಕಿಸಿದೆ. ತಿರುಗಿಸುವಾಗಲಷ್ಟೇ ಅದರ ಹಿಂಬದಿ ಕಂಡಿತು: ನಮ್ಮ ಮದುವೆಯ ವಿಡಿಯೊ, ಎರಡನೇ ಭಾಗ. "ಸದ್ಯ, ಒಂದು ಕೆಲಸಕ್ಕಾದರೂ ಬಂತಲ್ಲ" ಎಂದಳು ಹೆಂಡತಿ. ಅವಳು ಹೇಳಿದ್ದು ಸಿ.ಡಿ.ಯನ್ನೋ ಮದುವೆಯನ್ನೋ ಎಂದು ನಾನು ವಿಚಾರಿಸಲಿಲ್ಲ.

ಇನ್ನು ಮಣ್ಣಿನ ಪರೀಕ್ಷೆ. ಹೆಚ್ಚು ತೆರೆಯುವ ವಾಲ್ವು ಮೇಲೆ ಬರುವ ಪಿಸ್ಟನ್ನಿಗೆ ಡಿಕ್ಕಿ ಹೊಡೆದರೆ ಎಂಜಿನ್ ಗುಜರಿಗೆ. ಅದಕ್ಕೆ ಪಿಸ್ಟನ್ನಿನ ನೆತ್ತಿಗೆ ಮೆತ್ತನೆಯ ಮಣ್ಣು ಹಚ್ಚಿ, ವಾಲ್ವಿಗೆ ಎಣ್ಣೆ ಸವರಿ, ಹೆಡ್ಡು ಬಿಗಿದು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಹೆಡ್ಡು ಬಿಚ್ಚಿ, ವಾಲ್ವು ಒತ್ತಿದ ಗುಳಿಯಲ್ಲಿ ಮಣ್ಣು ಎಷ್ಟು ದಪ್ಪ ಉಳಿದಿದೆಯೆಂದು ಬ್ಲೇಡಿನಲ್ಲಿ ಕೊಯ್ದು ಅಳೆಯಬೇಕು. ಒಳವಾಲ್ವಿಗೆ 2 ಮಿ.ಮೀ., ಬಿಸಿಗೆ ಹೆಚ್ಚು ಹಿಗ್ಗುವ ಎಕ್ಸಾಸ್ಟ್ ವಾಲ್ವಿಗೆ 2.5 ಮಿ.ಮೀ. ಉಳಿದರೆ ಕ್ಷೇಮ ಎಂಬುದು ರೂಢಿಯ ಲೆಕ್ಕ. ಚಪಾತಿ ಹಿಟ್ಟು ಆಗದೇ ಎಂದು ಅಮ್ಮ ಕೇಳಿದಳು. ಆಗದು. ಹಿಟ್ಟು ಒತ್ತಿದ ಮೇಲೆ ಮತ್ತೆ ಉಬ್ಬಿಕೊಂಡು ಸುಳ್ಳು ಸಾಕ್ಷಿ ಹೇಳುತ್ತದೆ. ಶಾಲೆಯಲ್ಲಿ ಗಣಪತಿ ಮಾಡಲು ಕೊಟ್ಟ ಜೇಡಿಮಣ್ಣು ಮಗಳ ಬಳಿ ಮಿಕ್ಕಿತ್ತು. ಕೊಯ್ದಾಗ ಎರಡು ಕಡೆಯೂ ಧಾರಾಳವಾಗಿ ಜಾಗ ಕಂಡಿತು. ವಿಘ್ನೇಶ್ವರನ ಕೆಲಸ ಅವನೇ ಮಾಡಿದ್ದ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಮಾಡಿದ ಗಾಡಿಯನ್ನು ನಮ್ಮಿಷ್ಟದಂತೆ ತಿದ್ದುವುದನ್ನು ಒಪ್ಪುವುದಿಲ್ಲ. ನಮ್ಮ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹರಿಸುವುದನ್ನು ನೋಡಿ ನಾನೂ ಸಂತೋಷಪಟ್ಟವನೇ. ಕ್ಯಾಮ್ ಹೊರಗೆ ಕಾಣುವುದಿಲ್ಲ ಎಂಬ ಸಮಾಧಾನ ಹೇಳಿಕೊಳ್ಳಬಹುದು, ಆದರೆ ಅದು ಕಳ್ಳನ ಸಮಾಧಾನ.

ಟೈಮಿಂಗ್ ಗೇರಿನ ಹಲ್ಲುಗಳ ಗುರುತು ಎದುರುಬದುರು ಕೂಡಿಸಿದ್ದು, ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿದ್ದು, ಎಲ್ಲ ಸುಸೂತ್ರ. ಟ್ಯಾಪೆಟ್ ಸೆಟ್ಟಿಂಗಿಗೆ ಭಾಯ್ ತಾವೇ ಬಂದರು. ಎಂಜಿನ್ ತಣ್ಣಗಿರಬೇಕು, ಪುಶ್‌ರಾಡು ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಕದಲಬಾರದು. ಅವರು ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಾರೆ, ನಾಡಿ ನೋಡುವ ಗಂಭೀರ ಮುಖದಲ್ಲಿ. "ಆಮೇಲೆ ಬಂದ ಎಷ್ಟೋ ಗಾಡಿಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟು ಸಾರ್, ಅದೇ ಸೆಟ್ ಆಗುತ್ತೆ. ನಮ್ಮನ್ನು ಕೇಳೋರೇ ಇಲ್ಲ" ಎಂದು ನಿಟ್ಟುಸಿರಿಟ್ಟರು.

ಹೊಸ ಕ್ಯಾಮಿನ ಮೊದಲ ಸ್ಟಾರ್ಟಿಗೊಂದು ಶಾಸ್ತ್ರವಿದೆ. ಅಮೆರಿಕದ ವಿ-8 ಕಾರುಗಳವರು ಅದನ್ನು ವ್ರತದಂತೆ ಪಾಲಿಸುತ್ತಾರೆ: ಐಡ್ಲಿಂಗಿಗೆ ಬಿಡದೆ 2000 ಸುತ್ತಿಗೂ ಮೇಲೆ 20 ನಿಮಿಷ ಹಿಡಿದಿರಬೇಕು, ಆಗಲೇ ಕ್ಯಾಮೂ ಟ್ಯಾಪೆಟ್ಟೂ ಒಂದಕ್ಕೊಂದು ಒಗ್ಗುತ್ತವೆ. ಆದರೆ ಆ ಕಾರುಗಳಲ್ಲಿ ನೀರಿನ ರೇಡಿಯೇಟರ್ ಇದೆ. ಗಾಳಿಗೆ ತಣಿಯುವ ಬುಲೆಟ್ಟು ನಿಂತಲ್ಲೇ ಅಷ್ಟು ಹೊತ್ತು ಉರಿದರೆ ಕಾದ ಕಾವಲಿಯೇ. ನಡುಮನೆಯ ಟೇಬಲ್ ಫ್ಯಾನು ಹೊರಬಂತು. ಆಮ್ಮೀಟರಿನ ಮುಳ್ಳು ನಡುವಿಗೆ ಬರುವತನಕ ಕಿಕ್ಕರ್ ಒತ್ತಿ, ಡಿಕಂಪ್ರೆಸರ್ ಹಿಡಿದು ತುಸು ಮುಂದೆ ತಳ್ಳಿ, ಬಿಟ್ಟು ಒದ್ದೆ. ಹತ್ತಿಕೊಂಡಿತು. ಭಾನುವಾರ ಬೆಳಗಿನ ಹತ್ತು ಗಂಟೆಗೆ ಒಂದು ಬುಲೆಟ್ಟು ಫ್ಯಾನಿನ ಮುಂದೆ ನಿಂತು ಅರಚುವುದನ್ನು ನೋಡಲು ಬೀದಿಯ ಬಾಗಿಲುಗಳೆಲ್ಲ ತೆರೆದವು. ಜಾವಾ ಹಿರಿಯರು ಮಾತ್ರ ಕುರ್ಚಿ ತಂದು ಕೂತರು.

ಶ್ರೀರಂಗಪಟ್ಟಣದ ರಸ್ತೆಯಲ್ಲಿ ಅರವತ್ತು ದಾಟಿದ ಮೇಲೆ ಮೊದಲೆಂದೂ ಇರದ ಒಂದು ಎಳೆತ ಕೈಗೆ ಸಿಕ್ಕಿತು. ಆದರೆ ಮರಳಿ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಆ ಹಳೆಯ ತಾಳವಿಲ್ಲ; ಒಂದು ಡುಗ್, ಒಂದು ಗುಟುಕು, ಎರಡು ಅವಸರದ ಡುಗ್. ಐಡ್ಲಿಂಗ್ ಸ್ಕ್ರೂ ಒಂದಿಷ್ಟು ತಿರುಗಿಸಿ ಎಬ್ಬಿಸಿಟ್ಟೆ. ಭಾಯ್ ಒಂದು ಸುತ್ತು ಓಡಿಸಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಹಳೇ ಕ್ಯಾಮುಗಳೆಲ್ಲಿ ಎಂದು ಕೇಳಿದರು. ಗುಜರಿ ಡಬ್ಬದಿಂದ ತಾವೇ ಹೆಕ್ಕಿ, ವೇಸ್ಟಿನಲ್ಲಿ ಒರೆಸಿ, ಎಣ್ಣೆ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗಿತ್ತರು.

"ಬಿಸಾಕಬೇಡಿ ಸಾರ್. ಆ ಡುಗ್ ಡುಗ್ ವಾಪಸ್ ಬೇಕು ಅಂತ ಎಲ್ಲರೂ ಬರ್ತಾರೆ. ಬರೋವಾಗ ಫ್ಯಾನೂ ತನ್ನಿ, ನಮ್ಮ ಶೆಡ್ಡಲ್ಲಿ ಇಲ್ಲ."