ತಾರಸಿ ತಪೋವನ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ಮಾಳಿಗೆಯ ಮೇಲೆ ನಾಲ್ಕು ಕುಂಡ, ಒಂದು ಬೆತ್ತದ ಕುರ್ಚಿ ಇಟ್ಟುಕೊಂಡು ಆತ್ಮಚಿಂತನೆ ಮಾಡುವ ವಿಧಾನವೇ ವಿಷಯ. ಚಿತ್ತಶಾಂತಿ ಪ್ರಯೋಜನ. ತಾರಸಿಯ ಬೀಗದ ಕೈ ಯಾರ ಬಳಿ ಇದೆಯೋ ಅವರೇ ಅಧಿಕಾರಿ. ಬೆಂಗಳೂರಿನ ಬಾಡಿಗೆದಾರರಿಗೆ ಶಮ, ದಮ, ತಿತಿಕ್ಷೆ ಎಲ್ಲ ಸಿದ್ಧಿಸಿದ್ದರೂ ಬೀಗದ ಕೈ ಸಿದ್ಧಿಸಿರುವುದಿಲ್ಲ. ಅವರು ಕಿಟಕಿಯ ಸರಳಿಗೆ ಮನಿಪ್ಲಾಂಟ್ ಹಬ್ಬಿಸಿಕೊಂಡು ಕ್ರಮಮುಕ್ತಿಗೆ ಕಾಯತಕ್ಕದ್ದು. ಇನ್ನುಳಿದದ್ದು ಸಂಬಂಧ. ಅದು ಕೆಳಗಿನ ಮನೆಯವರೊಂದಿಗೆ, ಅವರ ಸೂರಿನಲ್ಲಿ ತೇವದ ಕಲೆ ಮೂಡುವತನಕ ಚೆನ್ನಾಗಿರುತ್ತದೆ.

ಪೂರ್ವಾಚಾರ್ಯರ ಸ್ಮರಣೆ ಮಾಡದೆ ಮುಂದುವರಿದರೆ ಡಾಕ್ಟರೇಟ್ ಬರುವುದಿಲ್ಲ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಇನ್ನೊಬ್ಬ) ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ನೆಲದಡಿಯ ನೀರು ಪತ್ತೆಹಚ್ಚುವುದು, ಗಿಡಮರಗಳ ಆರೈಕೆ, ಸುಗಂಧ ತಯಾರಿ, ಅಡುಗೆ, ಎಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಆರ್‌ಸಿಸಿ ತಾರಸಿಯ ಬಗ್ಗೆ ಮಾತ್ರ ಆತ ತುಟಿ ಬಿಚ್ಚಿಲ್ಲ. ಸುರಪಾಲನ ಸಂಸ್ಕೃತ ವೃಕ್ಷಾಯುರ್ವೇದವು ಕುಣಪಜಲವೆಂಬ ಗೊಬ್ಬರವನ್ನು ಹೊಗಳುತ್ತದೆ. ಮಾಂಸ, ಮಜ್ಜೆ, ಕೊಬ್ಬನ್ನೆಲ್ಲ ಬೇಯಿಸಿ ಕೊಳೆಯಿಸುವ ಬಾಬತ್ತು ಅದು. ಗಿಡಕ್ಕೆ ಅಮೃತ; ಮೂರನೇ ಮಹಡಿಯಲ್ಲಿ ಪ್ರಯೋಗಿಸಿದರೆ ಅಪಾರ್ಟ್‌ಮೆಂಟ್ ಸಂಘದ ತುರ್ತು ಸಭೆ.

ಈ ಪರಂಪರೆಯನ್ನು ಕೂಲಂಕಷವಾಗಿ ಶೋಧಿಸಿದಾಗ ಕಣ್ಣಿಗೆ ಹೊಡೆಯುವ ಸಂಗತಿ ಒಂದೇ: ತೋಟದಲ್ಲಿ ಕೂತವರು ಬೇರೆ, ಬಗ್ಗಿದವರು ಬೇರೆ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಮಾಡಿಸಿದ. ‘ಮಾಡಿಸಿದ’ ಎಂಬ ಕ್ರಿಯಾಪದವನ್ನು ವಿದ್ವಾಂಸರು ಗಮನಿಸಬೇಕು. ಅಥೆನ್ಸಿನಲ್ಲಿ ಎಪಿಕ್ಯೂರಸ್ ತನ್ನ ತೋಟದಲ್ಲೇ ಪಾಠಶಾಲೆ ತೆರೆದು ನಿಶ್ಚಿಂತೆಯ ತತ್ತ್ವ ಬೋಧಿಸಿದ. ಅವನ ಉಯಿಲನ್ನು ನೋಡಿದರೆ ಆ ಮನೆಯಲ್ಲಿ ಗುಲಾಮರೂ ಇದ್ದರು. ನಮ್ಮ ತಾರಸಿಯಲ್ಲಾದರೋ ದಾರ್ಶನಿಕನೂ ಮಾಲಿಯೂ ಒಂದೇ ದೇಹದಲ್ಲಿ, ಒಂದೇ ಸೊಂಟನೋವಿನೊಂದಿಗೆ ವಾಸಿಸುತ್ತಾರೆ. ಈ ಅದ್ವೈತವೇ ಸಕಲ ಅಶಾಂತಿಗೆ ಮೂಲವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಇನ್ನು ಭಾರ ಪ್ರಕರಣ. ಶಾಂತಿಗೆ ತೂಕವಿದೆ. ಓಡಾಡುವ ತಾರಸಿಗೆ ಭಾರತೀಯ ಮಾನಕ 875 ಹಿಡಿಯುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಅಷ್ಟೇ ಜಾಗದಲ್ಲಿ ಒಂದಡಿ ಆಳಕ್ಕೆ ಒದ್ದೆ ಮಣ್ಣು ತುಂಬಿದರೆ ಅರ್ಧ ಟನ್ ದಾಟುತ್ತದೆ. ಆದ್ದರಿಂದ ಮಣ್ಣು ಸುರಿದು ಲಾನ್ ಬೆಳೆಸಬೇಕೆನ್ನುವ ನೆಲವಾದಿಗಳ ಮತ ತ್ಯಾಜ್ಯ. ಕುಂಡವಾದಿಗಳ ಮತ ಗ್ರಾಹ್ಯ. ಆದರೆ ಮಣ್ಣಿಗೆ ಕೋಕೋಪೀಟ್ ಬೆರೆಸಿ ಹಗುರ ಮಾಡಬೇಕು, ದೊಡ್ಡ ಕುಂಡಗಳನ್ನು ತೊಲೆಯ ನೇರಕ್ಕೇ ಇಡಬೇಕು. ತೊಲೆ ಎಲ್ಲಿದೆಯೆಂದು ಮೇಸ್ತ್ರಿಯನ್ನು ಕೇಳಿದರೆ ಆತ ಕೈ ತೋರಿಸುವುದು ಆಕಾಶದ ಕಡೆಗೆ.

ಜಲ ಪ್ರಕರಣ ಇನ್ನೂ ಗಹನವಾದದ್ದು. ಕಾವೇರಿ ನೀರು ನೂರು ಕಿಲೋಮೀಟರು ಹರಿದು, ಪಂಪುಗಳ ಬಲದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ. ಇಷ್ಟು ತಪಸ್ಸು ಮಾಡಿ ಬಂದ ನದಿಯನ್ನು ಡೇರೆ ಹೂವಿನ ಬುಡಕ್ಕೆ ಸುರಿಯುವವರ ಮೇಲೆ ಜಲಮಂಡಳಿ 2024ರ ಮಾರ್ಚಿನಲ್ಲಿ 5000 ರೂಪಾಯಿ ದಂಡ ಘೋಷಿಸಿತ್ತು. ಅಂದಿನಿಂದ ಅಕ್ಕಿ ತೊಳೆದ ನೀರಿಗೆ ತೀರ್ಥದ ಸ್ಥಾನ ಪ್ರಾಪ್ತವಾಗಿದೆ.

ಶಾಂತಿಗೆಂದು ಕೊಳ್ಳುವ ವಸ್ತುಗಳಲ್ಲಿ ಅತ್ಯಂತ ಕಪಟಿ ಎಂದರೆ ಪುಟ್ಟ ಕಾರಂಜಿ. ಕರೆಂಟು ಇದ್ದಾಗ ಜುಳುಜುಳು, ಹೋದಾಗ ನಿಂತ ನೀರು. ಕುಂಡದಡಿಯ ತಟ್ಟೆಯದೂ ಇದೇ ಕಥೆ. ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ತಿಕ್ಕಿ ತೊಳೆಯದಿದ್ದರೆ ತಪೋವನ ಡೆಂಗಿವನವಾಗುತ್ತದೆ. ಈ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಬೆಳಗಿನ ಎಳೆಬಿಸಿಲಿಗೆ ಮತ್ತು ಸೂರ್ಯ ಮುಳುಗುವ ಮುನ್ನ, ಅಂದರೆ ಯೋಗದ ಪುಸ್ತಕಗಳು ಪದ್ಮಾಸನಕ್ಕೆ ಗೊತ್ತುಮಾಡಿದ ಹೊತ್ತಿಗೇ. ಹೀಗೆ ಎರಡು ಶಾಸ್ತ್ರಗಳು ಒಂದೇ ಮುಹೂರ್ತವನ್ನು ಒಪ್ಪಿಕೊಂಡ ನಿದರ್ಶನ ವಿರಳ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಸ್ವಾಮಿ, ಕ್ಯೋಟೋದ ರ್ಯೋವಾನ್‌ಜಿ ಮಠದಲ್ಲಿ 15 ಕಲ್ಲು, ಒಂದಿಷ್ಟು ಪಾಚಿ, ಬಿಳಿ ಜಲ್ಲಿ ಬಿಟ್ಟರೆ ಇನ್ನೇನಿಲ್ಲ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದು ಕಲ್ಲು ಮರೆಯಲ್ಲೇ ಉಳಿಯುತ್ತದಂತೆ. ಅಲ್ಲಿನ ಸನ್ಯಾಸಿಗಳು ಜಲ್ಲಿಯನ್ನು ತಾವೇ ಬಾಚುತ್ತಾರೆ, ಬಾಚುವುದೇ ಅವರಿಗೆ ಧ್ಯಾನ. ಕಳೆ ಕೀಳುವುದು ನಿಮಗೇಕೆ ಧ್ಯಾನವಾಗಬಾರದು?’

ಮೊದಲ ಉತ್ತರ: ನಮ್ಮ ಬೀದಿಯ ಒಬ್ಬರು ತಾರಸಿಯಲ್ಲಿ ಮರಳು ಹರವಿ ಬಾಚಣಿಗೆಯಿಂದ ಅಲೆಗಳನ್ನು ಬರೆದರು. ಪಕ್ಕದ ಮನೆಯ ಬೆಕ್ಕು ಆ ಮರಳಿನ ಪರಮಾರ್ಥವನ್ನು ಅದೇ ರಾತ್ರಿ ಕಂಡುಕೊಂಡಿತು.

ಎರಡನೆಯ ಉತ್ತರ ಪ್ರತ್ಯಕ್ಷ ಪ್ರಮಾಣದ್ದು. ದಾಸವಾಳದ ಎಲೆ ಮಗುಚಿ ನೋಡಿ. ನರದ ಗುಂಟ ಬಿಳಿ ಹಿಟ್ಟು ಉದುರಿಸಿದಂತೆ ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆಗಳ ಸಾಲು. ಇರುವೆ ತನ್ನ ಮೀಸೆಯಿಂದ ತಿಗಣೆಯನ್ನು ಮೆಲ್ಲಗೆ ತಟ್ಟುತ್ತದೆ, ತಿಗಣೆ ಒಂದು ತೊಟ್ಟು ಸಿಹಿರಸ ಬಿಡುತ್ತದೆ, ಇರುವೆ ಹೀರಿ ಮುಂದಿನದಕ್ಕೆ ಹೋಗುತ್ತದೆ. ಪ್ರತಿಯಾಗಿ ಗುಲಗಂಜಿ ಹುಳು ಬಂದು ತಿಗಣೆಯನ್ನು ತಿನ್ನದಂತೆ ಕಾವಲು. ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಇದನ್ನು ಧ್ಯಾನವೆಂದು ಒಪ್ಪಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಮರುಕ್ಷಣವೇ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ತೊಟ್ಟು ಸೋಪು ಕಲಸಿ, ಆ ಸಮಸ್ತ ಪ್ರಪಂಚವನ್ನು ಸಂಹರಿಸುವ ಕೆಲಸವೂ ಧ್ಯಾನಿಯದೇ. ಸೃಷ್ಟಿಯ ಕೌತುಕಕ್ಕೆ ಕರಗಿ, ಸ್ಪ್ರೇ ಬಾಟಲಿ ಹಿಡಿದು ಪ್ರಳಯಕ್ಕೆ ಇಳಿಯುವ ಈ ಪಲ್ಲಟ ಮನಸ್ಸಿಗೆ ನೆಮ್ಮದಿ ತರುವಂಥದ್ದಲ್ಲ.

ಅಷ್ಟರಲ್ಲಿ ಕುರ್ಚಿ ಏನು ಮಾಡುತ್ತಿರುತ್ತದೆ? ಪ್ರಬಂಧದ ನಾಯಕ ಅದೇ ಆದರೂ ಅದರ ಚರಿತ್ರೆ ಚಿಕ್ಕದು. ಮೊದಲ ವಾರ ಅದರಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲಾಗುತ್ತದೆ. ಆಮೇಲೆ ಅದರ ಮೇಲೆ ಎರೆಗೊಬ್ಬರದ ಚೀಲ, ಬೇವಿನ ಹಿಂಡಿ, ಬೇಸಿಗೆಯಲ್ಲಿ ಸಂಡಿಗೆಯ ಹಾಳೆಯ ಒಂದು ತುದಿ. ಯಾರಾದರೂ ಕೂತರೆಂದೇ ಇಟ್ಟುಕೊಳ್ಳಿ. ಕೂತ ಎತ್ತರಕ್ಕೆ ಸರಿಯಾಗಿ ತುಳಸಿಯ ಬಾಡಿದ ಕದಿರು ಕಾಣಿಸುತ್ತದೆ. ಏಳುತ್ತಾರೆ.

ಹಾಗಾದರೆ ಸಿದ್ಧಾಂತವೇನು? ಶಾಂತಿ ಬೇಕಾದವರು ನೆರೆಮನೆಯ ತಾರಸಿಗೆ ಹೋಗಿ ಕೂರತಕ್ಕದ್ದು. ಅಲ್ಲಿನ ಕಳೆ ಬರೀ ಹಸಿರಾಗಿ ಕಾಣುತ್ತದೆ, ಅಲ್ಲಿನ ತಿಗಣೆ ನಮ್ಮ ಜವಾಬ್ದಾರಿಯಲ್ಲ, ಅಲ್ಲಿನ ಕಾರಂಜಿ ತೊಳೆಯುವ ಸರದಿ ನಮ್ಮದಲ್ಲ. ಅವರೂ ನಮ್ಮ ತಾರಸಿಗೆ ಬಂದು ಕೂರಬಹುದು. ಕೂತವನು ಬೇರೆ, ಬಗ್ಗಿದವನು ಬೇರೆ ಎಂಬ ಪ್ರಾಚೀನ ದ್ವೈತ ಹೀಗೆ ಯಾರನ್ನೂ ಗುಲಾಮರನ್ನಾಗಿಸದೆ ಮರಳಿ ಸ್ಥಾಪನೆಯಾಗುತ್ತದೆ. ಹೋಗುವಾಗ ‘ಒಂದು ಕಡ್ಡಿ ಕೊಡ್ತೀರಾ?’ ಎಂದು ಕೇಳುವುದು ಮಾತ್ರ ನಿಷಿದ್ಧ. ಕಡ್ಡಿ ಮನೆಗೆ ಬಂತೆಂದರೆ ಅದ್ವೈತ ಮತ್ತೆ ಶುರು. ಅತಿಥಿಗೆ ಕಾಫಿ ಯಾರು ಮಾಡಿಕೊಡಬೇಕೆಂಬ ಪ್ರಶ್ನೆ ಈ ಸಂಪುಟದ ವ್ಯಾಪ್ತಿಗೆ ಬರುವುದಿಲ್ಲ.